ಮಿಥ್ಯಾಪವಾದವೂ ಮುದ್ರಣವೂ: ಎಲಿಜಬೆತ್ ಕ್ಯಾನಿಂಗಳ ವೃತ್ತಾಂತ

ಭಾದ್ರಪದ ಶುಕ್ಲ ಚತುರ್ಥಿಯ ರಾತ್ರಿ ಚಂದ್ರನನ್ನು ನೋಡಿದವರಿಗೆ ಮಿಥ್ಯಾಪವಾದವು ತಪ್ಪದೆಂದೂ, ಆ ದೋಷದ ಪರಿಹಾರಕ್ಕಾಗಿ ಸ್ಯಮಂತಕೋಪಾಖ್ಯಾನವನ್ನು ಕೇಳಬೇಕೆಂದೂ ಕನ್ನಡ ನಾಡಿನ ಮನೆಮನೆಯಲ್ಲಿ ನಂಬುಗೆಯುಂಟು. ಹಬ್ಬದ ಗಡಿಬಿಡಿಯಲ್ಲಿ ಕೇಳುವುದರಿಂದಲೋ ಏನೋ, ಆ ಕಥೆಯ ಒಂದಂಶವು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ಕಥೆಯ ಮೂಲದಲ್ಲಿರುವುದು ಕಳವಲ್ಲ. ಒಬ್ಬ ಮನುಷ್ಯನು ಕಾಣೆಯಾದುದು. ಸತ್ರಾಜಿತನ ತಮ್ಮನಾದ ಪ್ರಸೇನನು ಮಣಿಯನ್ನು ಕೊರಳಲ್ಲಿ ಧರಿಸಿ, ಕುದುರೆಯೇರಿ ಬೇಟೆಗೆ ಹೋದವನು ಹಿಂದಿರುಗಲಿಲ್ಲ. ಶವವು ಸಿಕ್ಕಿರಲಿಲ್ಲ, ಕಂಡವರಾರೂ ಇರಲಿಲ್ಲ. ಹಿಂದೊಮ್ಮೆ ಆ ಮಣಿಯನ್ನು ಕೇಳಿದ್ದವನು ಕೃಷ್ಣನೆಂಬ ಒಂದೇ ಕಾರಣದಿಂದ ಸತ್ರಾಜಿತನು ಆತನ ಹೆಸರನ್ನು ನುಡಿದನು. ದ್ವಾರಕೆಯ ಜನರು ಅದನ್ನು ಕಿವಿಯಿಂದ ಕಿವಿಗೆ ದಾಟಿಸಿದರು. ಕೃಷ್ಣನು ಊರಿನವರನ್ನೇ ಜೊತೆಯಲ್ಲಿ ಕರೆದುಕೊಂಡು ಅಡವಿಗೆ ಹೋಗಿ, ಸತ್ತ ಪ್ರಸೇನ ಮತ್ತು ಅವನ ಕುದುರೆ, ಸತ್ತ ಸಿಂಹ, ಕಡೆಗೆ ಜಾಂಬವಂತನ ಗುಹೆ, ಹೀಗೆ ಹೆಜ್ಜೆಯ ಜಾಡನ್ನು ಹಿಡಿದು ಹೋಗಿ ಮಣಿಯನ್ನು ತಂದನು. ಸತ್ರಾಜಿತನನ್ನು ರಾಜಸಭೆಗೆ ಕರೆಸಿ ಎಲ್ಲರೆದುರಿನಲ್ಲಿ ಅದನ್ನು ಒಪ್ಪಿಸಿದನು. ಅಪವಾದವನ್ನು ಹರಡಿದ ಜನರೆದುರಿಗೇ ಅದರ ನಿವಾರಣೆಯೂ ಆಯಿತು. ಇಷ್ಟಕ್ಕೆ ಅವತಾರಪುರುಷನಿಗೇ ಗುಹೆಯೊಳಗೆ ೨೮ ದಿನಗಳ ಕಾಳಗವು ಬೇಕಾಯಿತೆಂದು ಭಾಗವತವು ಹೇಳುತ್ತದೆ. ಗುಹೆಯನ್ನು ಹೊಗುವ ಬಲವಾಗಲಿ, ರಾಜಸಭೆಯನ್ನು ಕೂಡಿಸುವ ಅಧಿಕಾರವಾಗಲಿ ಇಲ್ಲದ ಮನುಷ್ಯನ ಹೆಸರು ಹೀಗೆ ಹೊರಬಿದ್ದರೆ ಆತನ ಗತಿಯೇನೆಂಬುದನ್ನು ತಿಳಿಯಬೇಕಾದರೆ ಪುರಾಣವನ್ನು ಬಿಟ್ಟು ಚರಿತ್ರೆಗೆ ಬರಬೇಕು.

ಇಂಥ ಅನ್ಯಾಯಗಳಿಗೆಲ್ಲ ವೃತ್ತಪತ್ರಿಕೆಗಳೇ ಮೂಲವೆಂದು ಹೇಳುವವರುಂಟು. ಅದು ನಿಜವಲ್ಲ. ಇಂಗ್ಲೆಂಡಿನ ಚಿಪಿಂಗ್ ಕ್ಯಾಂಪ್ಡನ್ ಎಂಬ ಊರಿನಲ್ಲಿ ೧೬೬೦ರ ಆಗಸ್ಟ್ ತಿಂಗಳಲ್ಲಿ ವಿಲಿಯಂ ಹ್ಯಾರಿಸನ್ ಎಂಬ ವೃದ್ಧ ಪಾರುಪತ್ಯಗಾರನು ಗೇಣಿಯ ಹಣವನ್ನು ವಸೂಲುಮಾಡಲು ಹೋಗಿ ಕಾಣೆಯಾದನು. ರಕ್ತದ ಕಲೆಯಿದ್ದ ಕೊರಳುಪಟ್ಟಿಯೂ ಕಡಿದುಹೋದ ಟೋಪಿಯೂ ದಾರಿಯಲ್ಲಿ ಸಿಕ್ಕಿದುವು. ಆತನ ಸೇವಕನು ವಿಚಾರಣೆಯ ಒತ್ತಡದಲ್ಲಿ ತನ್ನ ತಾಯಿಯ ಮತ್ತು ಅಣ್ಣನ ಹೆಸರನ್ನು ಹೇಳಿದನು. ಶವವೇ ಸಿಕ್ಕದಿದ್ದರೂ ಮೂವರನ್ನೂ ೧೬೬೧ರಲ್ಲಿ ಗಲ್ಲಿಗೇರಿಸಿದರು. ೧೬೬೨ರಲ್ಲಿ ಹ್ಯಾರಿಸನ್ನನು ಜೀವಸಹಿತನಾಗಿ ಊರಿಗೆ ಬಂದನು. ಮೃಚ್ಛಕಟಿಕದಲ್ಲಿ ವಸಂತಸೇನೆಯು ವಧ್ಯಸ್ಥಾನಕ್ಕೆ ಸಕಾಲದಲ್ಲಿ ಬಂದು ಚಾರುದತ್ತನನ್ನು ಉಳಿಸಿದಳು; ಇಲ್ಲಿ ಅಂಥ ಐದನೆಯ ಸಂಧಿಯನ್ನು ಬರೆಯುವ ಕವಿಯಿರಲಿಲ್ಲ. ಈ ಅನರ್ಥದಲ್ಲಿ ಪತ್ರಿಕೆಗೆ ಯಾವ ಪಾತ್ರವೂ ಇಲ್ಲ. ಆದುದರಿಂದ ಅವಸರದ ಆರೋಪವು ಅಚ್ಚಿನಮೊಳೆಗಿಂತ ಹಳೆಯದು. ಮುದ್ರಣವು ಬಂದಮೇಲೆ ಅದಕ್ಕೆ ಹೊಸದಾಗಿ ಸೇರಿದುದು ಏನೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಇಂಗ್ಲೆಂಡಿನಲ್ಲಿ ಮುದ್ರಣಕ್ಕೆ ಪೂರ್ವಾನುಮತಿಯನ್ನು ವಿಧಿಸಿದ್ದ ಶಾಸನವು ೧೬೯೫ರಲ್ಲಿ ಅಳಿದುಹೋಯಿತು. ೧೭೦೨ರಲ್ಲಿ ಲಂಡನ್ನಿನ ಮೊದಲನೆಯ ದಿನಪತ್ರಿಕೆಯು ಹುಟ್ಟಿತು. ಅಲ್ಲಿಂದ ಐವತ್ತು ವರ್ಷಗಳೊಳಗಾಗಿ ಆ ನಗರದ ಕಾಫಿಶಾಲೆಗಳಲ್ಲಿ ಪತ್ರಿಕೆಯನ್ನು ಓದುವುದೂ, ಓದಬಾರದವರಿಗೆ ಓದಿಹೇಳುವುದೂ ನಿತ್ಯವಿಧಿಯಾಗಿದ್ದಿತು. ಕಳೆದುಹೋದ ಕುದುರೆ, ಓಡಿಹೋದ ಸೇವಕ, ಕಳುವಾದ ಗಡಿಯಾರ ಇವುಗಳ ಜಾಹೀರಾತುಗಳಿಂದ ಪುಟಗಳು ತುಂಬಿರುತ್ತಿದ್ದುವು. ಇಂಥ ಒಂದು ಜಾಹೀರಾತಿನಿಂದಲೇ ಕ್ಯಾನಿಂಗಳ ಪ್ರಕರಣವು ಬೆಳಕಿಗೆ ಬಂದಿತು.

ಎಲಿಜಬೆತ್ ಕ್ಯಾನಿಂಗಳು ಆಲ್ಡರ್‌ಮನ್‌ಬರಿ ಎಂಬ ಬೀದಿಯಲ್ಲಿ ಬಡಗಿಯೊಬ್ಬನ ಮನೆಯಲ್ಲಿ ಸೇವಕಿಯಾಗಿದ್ದ ಹದಿನೆಂಟು ವರ್ಷದ ಹುಡುಗಿ, ತಾಯಿ ವಿಧವೆ. ೧೭೫೩ನೆಯ ಜನವರಿ ೧ರಂದು ರಜವನ್ನು ಪಡೆದು ಸೋದರಮಾವನ ಮನೆಗೆ ಹೋಗಿದ್ದವಳು ರಾತ್ರಿ ಹಿಂದಿರುಗಲಿಲ್ಲ. ತಾಯಿಯು ಚರ್ಚುಗಳಲ್ಲಿ ಪ್ರಾರ್ಥನೆ ಮಾಡಿಸಿದಳು, ಶಕುನ ಹೇಳುವವನೊಬ್ಬನನ್ನು ಕಂಡು ಕೇಳಿದಳು, ಪತ್ರಿಕೆಯಲ್ಲಿಯೂ ಹಾಕಿಸಿದಳು. ಬಿಷಪ್ಸ್‌ಗೇಟ್ ಬೀದಿಯಲ್ಲಿ ಬಾಡಿಗೆಯ ಕುದುರೆಗಾಡಿಯೊಳಗಿಂದ ಹುಡುಗಿಯೊಬ್ಬಳು ಕೂಗಿಕೊಂಡುದು ಕೇಳಿಬಂದಿತೆಂದೂ, ಯಾರೋ ದುಷ್ಟರು ಆಕೆಯನ್ನು ಬಲಾತ್ಕಾರದಿಂದ ಒಯ್ದಿರಬೇಕೆಂದೂ ಜಾಹೀರಾತಿನಲ್ಲಿ ಸೇರಿದ್ದಿತು. ಈ ಕೂಗು ಯಾರದೆಂಬುದು ಎಂದಿಗೂ ಸ್ಥಿರಪಡಲಿಲ್ಲ. ಆದರೆ ಮಗಳನ್ನು ಕಳೆದುಕೊಂಡ ತಾಯಿಯು ಕೇಳಿದುದನ್ನೆಲ್ಲ ಬರೆಯಿಸುವುದು ಸಹಜ. ಅದಕ್ಕಾಗಿ ಆಕೆಯನ್ನು ಹಳಿಯುವಂತಿಲ್ಲ. ಆದರೂ ಹುಡುಗಿಯು ಮನೆಗೆ ಬಂದು ಬಾಯಿಬಿಡುವುದಕ್ಕೆ ಮೊದಲೇ, ಆಕೆಯು ಅಪಹೃತಳೆಂಬ ಕಥೆಯು ಅಚ್ಚಾಗಿ ನೆರೆಹೊರೆಯವರೆಲ್ಲರ ಮನಸ್ಸಿನಲ್ಲಿ ನೆಲೆಯೂರಿದ್ದಿತೆಂಬುದನ್ನು ನೆನಪಿನಲ್ಲಿಡಬೇಕು.

ಜನವರಿ ೨೯ರ ರಾತ್ರಿ ಹತ್ತು ಗಂಟೆಯ ಸುಮಾರಿಗೆ ಆಕೆಯು ತಾಯಿಯ ಮನೆಯ ಬಾಗಿಲಿಗೆ ಬಂದಳು. ಮೈ ಬತ್ತಿ ಕಡ್ಡಿಯಾಗಿದ್ದಿತು. ಕಿವಿಯ ಬಳಿ ಗಾಯವಾಗಿ ರಕ್ತ ಸುರಿದಿದ್ದಿತು. ಮೈಮೇಲೆ ಕೊಳೆಯಾದ ಒಳಬಟ್ಟೆಗಳಲ್ಲದೆ ಹೆಚ್ಚಿಲ್ಲ. ಹೊಸವರ್ಷದ ರಾತ್ರಿ ಮೂರ್‌ಫೀಲ್ಡ್ಸ್ ಬಯಲಿನಲ್ಲಿ ಇಬ್ಬರು ಗಂಡಸರು ತನ್ನನ್ನು ಹಿಡಿದು ದೂರದ ಮನೆಯೊಂದಕ್ಕೆ ಎಳೆದುಕೊಂಡು ಹೋದರೆಂದೂ, ಅಲ್ಲಿದ್ದ ಮುದುಕಿಯೊಬ್ಬಳು ತಮ್ಮ ಹಾದಿಗೆ ಬರುವೆಯಾ ಎಂದು ಕೇಳಿ, ಒಲ್ಲೆನೆಂದುದಕ್ಕೆ ತನ್ನ ಬಿಗಿಕುಪ್ಪಸವನ್ನು ಕತ್ತರಿಸಿ ಕಸಿದುಕೊಂಡು ಕೋಣೆಯೊಂದಕ್ಕೆ ದೂಡಿದಳೆಂದೂ, ರೊಟ್ಟಿಯ ಚೂರುಗಳು, ಒಂದು ಹೂಜಿ ನೀರು, ತಮ್ಮನಿಗೆಂದು ಕೊಂಡು ಜೇಬಿನಲ್ಲಿಟ್ಟುಕೊಂಡಿದ್ದ ತಿಂಡಿ ಇಷ್ಟರಲ್ಲಿಯೇ ಜೀವ ಹಿಡಿದುಕೊಂಡಿದ್ದು, ಕಡೆಗೆ ಕಿಟಕಿಯ ಹಲಗೆಯನ್ನು ಕಿತ್ತು ಹೊರಗೆ ಧುಮುಕಿ ನಡೆದು ಬಂದೆನೆಂದೂ ಹೇಳಿದಳು.

ಆ ರಾತ್ರಿಯೇ ಮನೆಯ ತುಂಬ ನೆರೆಯವರು ಸೇರಿದ್ದರು. ಗೋಡೆಯ ಬಿರುಕಿನಿಂದ ತನಗೆ ಪರಿಚಯವಿದ್ದ ಗಾಡಿಯವನೊಬ್ಬನು ಹಾದುಹೋದುದನ್ನು ಕಂಡೆನೆಂದು ಆಕೆಯು ಹೇಳಿದುದರಿಂದ, ಆ ಮನೆಯು ಹರ್ಟ್‌ಫರ್ಡಿನ ಹೆದ್ದಾರಿಯಲ್ಲಿರಬೇಕೆಂಬ ಊಹೆ ಹುಟ್ಟಿತು. ವಿಲ್ಸ್ ಎಂದೋ ವೆಲ್ಸ್ ಎಂದೋ ಒಂದು ಹೆಸರನ್ನು ಆಕೆ ಕೇಳಿದ್ದಳಂತೆ. ರಾಬರ್ಟ್ ಸ್ಕ್ಯಾರಟ್ ಎಂಬ ನೆರೆಯವನು, ಹಾಗಾದರೆ ಅದು ಎನ್‌ಫೀಲ್ಡ್ ವಾಷಿನಲ್ಲಿರುವ ಸುಸಾನಾ ವೆಲ್ಸಳ ಮನೆಯೇ ಸರಿ ಎಂದನು. ಆ ಮನೆಗೆ ಒಳ್ಳೆಯ ಹೆಸರಿರಲಿಲ್ಲ. ಲಂಡನ್ನಿಗೆ ಹತ್ತು ಮೈಲಿಯ ದೂರ. ವೆಲ್ಸ್ ಎಂಬ ಹೆಸರು ಮೊದಲು ಹುಡುಗಿಯ ಬಾಯಿಂದ ಬಂದಿತೋ, ಸ್ಕ್ಯಾರಟನು ನುಡಿದಮೇಲೆ ಆಕೆಯು ಹೌದೆಂದಳೋ? ಇಡೀ ಪ್ರಕರಣದ ಕೀಲು ಇಲ್ಲಿಯೇ ಇದೆ. ಗುಂಪಿನ ನಡುವೆ, ಜ್ವರದಲ್ಲಿ, ಹಸಿವಿನಲ್ಲಿ ಇದ್ದವಳಿಗೆ ಪ್ರಶ್ನೆಯಲ್ಲಿಯೇ ಉತ್ತರವನ್ನು ಸೇರಿಸಿ ಕೇಳಿದ್ದರು. ಯಾರು ಏನನ್ನು ಮೊದಲು ಹೇಳಿದರೆಂಬುದನ್ನು ಆಗಲೇ ಬರೆದಿಟ್ಟವರಿಲ್ಲ.

ಜನವರಿ ೩೧ರಂದು ಹುಡುಗಿಯನ್ನು ಆಲ್ಡರ್‌ಮನ್ ಥಾಮಸ್ ಚಿಟ್ಟಿಯ ಮುಂದೆ ಕರೆದುಕೊಂಡು ಹೋಗಿ ವಾರಂಟನ್ನು ಕೇಳಿದರು. ಅದೇ ದಿನ ‘ಲಂಡನ್ ಡೈಲಿ ಅಡ್ವರ್ಟೈಸರ್’ ಪತ್ರಿಕೆಯಲ್ಲಿ ಆಕೆಯು ಹಿಂದಿರುಗಿದ ಸಂಗತಿಯೂ ವೆಲ್ಸಳ ಮನೆಯ ಮೇಲಿನ ಸಂಶಯವೂ ಪ್ರಕಟವಾದುವು. ಅಂದರೆ ಯಾವ ಅಧಿಕಾರಿಯೂ ಆ ಮನೆಯ ಹೊಸ್ತಿಲನ್ನು ತುಳಿಯುವುದಕ್ಕೆ ಮೊದಲೇ, ಹುಡುಗಿಯು ಆ ಮನೆಯನ್ನು ನೋಡಿ ಗುರುತಿಸುವುದಕ್ಕೆ ಮೊದಲೇ, ನೆರೆಯವನೊಬ್ಬನ ಊಹೆಯು ಸುದ್ದಿಯ ವೇಷವನ್ನು ತೊಟ್ಟಿತು.

ಮಾರನೆಯ ದಿನ ಗಾಡಿಗಳಲ್ಲಿಯೂ ಕುದುರೆಗಳ ಮೇಲೆಯೂ ಗುಂಪಾಗಿ ಎನ್‌ಫೀಲ್ಡಿಗೆ ಹೋದರು. ಹುಡುಗಿಯು ಹೇಳಿದ್ದುದು ಕತ್ತಲೆಯ ಚಿಕ್ಕ ಕೋಣೆ. ಅಲ್ಲಿದ್ದುದು ಹುಲ್ಲು ತುಂಬಿದ ಉದ್ದನೆಯ ಅಟ್ಟ. ಬಂದವರಲ್ಲಿ ಕೆಲವರಿಗೆ ಆಗಲೇ ಮನಸ್ಸು ಅಳುಕಿತು. ಒಲೆಯ ಬಳಿ ಮೇರಿ ಸ್ಕ್ವೈರ್ಸ್ ಎಂಬ ಜಿಪ್ಸಿ ಮುದುಕಿಯು ಕುಳಿತಿದ್ದಳು. ಗಂಡಮಾಲೆಯ ರೋಗದಿಂದ ತುಟಿ ವಿಕಾರವಾಗಿ, ಒಮ್ಮೆ ಕಂಡವರು ಮರೆಯಲಾರದ ಮುಖ. ತನ್ನ ಕುಪ್ಪಸವನ್ನು ಕತ್ತರಿಸಿದವಳು ಇವಳೇ ಎಂದು ಕ್ಯಾನಿಂಗಳು ತೋರಿಸಿದಳು. ಆ ವಿಲಕ್ಷಣ ಮುಖದ ಮಾತನ್ನು ಮೊದಲೇ ಏಕೆ ಹೇಳಲಿಲ್ಲವೆಂದು ಆಕೆಯ ವಿರೋಧಿಗಳು ಅನಂತರ ಬಹುವಾಗಿ ವಾದಿಸಿದರು. ಆ ದಿನಗಳಲ್ಲಿ ತಾನು ನೂರು ಮೈಲಿಗೂ ಆಚೆಯ ಡಾರ್ಸೆಟ್ ಸೀಮೆಯ ಆಬಟ್ಸ್‌ಬರಿಯಲ್ಲಿದ್ದೆನೆಂದು ಮುದುಕಿಯು ಹೇಳಿದಳು. ಜಿಪ್ಸಿಗಳು ಅಲೆಮಾರಿಗಳು, ಮಕ್ಕಳನ್ನು ಕದಿಯುವವರೆಂಬ ಅಪಕೀರ್ತಿಯು ಅವರಿಗೆ ಹುಟ್ಟಿನೊಂದಿಗೇ ಅಂಟಿದ್ದಿತು. ಆಕೆಯ ಮಾತನ್ನು ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಇಲ್ಲಿಂದ ಮುಂದೆ ಪ್ರಕರಣಕ್ಕೆ ಬಂದು ಸೇರಿದವನು ಹೆನ್ರಿ ಫೀಲ್ಡಿಂಗ್. ‘ಟಾಮ್ ಜೋನ್ಸ್’ ಎಂಬ ಕಾದಂಬರಿಯಿಂದ ಪ್ರಸಿದ್ಧನಾದ ಈತನು ಆಗ ಬೋ ಸ್ಟ್ರೀಟಿನ ಮ್ಯಾಜಿಸ್ಟ್ರೇಟನಾಗಿದ್ದನು. ಕಳ್ಳರನ್ನು ಹಿಡಿಯಲು ಪತ್ರಿಕೆಗಳನ್ನು ಸಾಧನವಾಗಿ ಬಳಸಬಹುದೆಂದು ಮನಗಂಡವರಲ್ಲಿ ಮೊದಲಿಗನು. ಕಳವಿಗೆ ಗುರಿಯಾದವರು ಕಳ್ಳರ ಚಹರೆಯೊಡನೆ ತನ್ನ ಕಛೇರಿಗೆ ಬರಬೇಕೆಂದು ಪತ್ರಿಕೆಗಳಲ್ಲಿ ಪ್ರಕಟಿಸುತ್ತಿದ್ದನು. ವೆಲ್ಸಳ ಮನೆಯಲ್ಲಿದ್ದ ವರ್ಚೂ ಹಾಲ್ ಎಂಬ ಹುಡುಗಿಯು ಮೊದಲು ತನಗೇನೂ ತಿಳಿಯದೆಂದಳು. ಫೀಲ್ಡಿಂಗನು ಗಂಟೆಗಟ್ಟಲೆ ಪ್ರಶ್ನಿಸಿ, ಇನ್ನು ಕೇಳುವುದಿಲ್ಲ, ಸೆರೆಮನೆಗೆ ಕಳುಹಿಸುತ್ತೇನೆಂದು ಗದರಿದಮೇಲೆ ಆಕೆಯು ಕ್ಯಾನಿಂಗಳ ಕಥೆಗೆ ಹೌದೆಂದಳು. ಆ ಹೇಳಿಕೆಯನ್ನು ಬರೆದುಕೊಂಡವನು ಕ್ಯಾನಿಂಗಳ ಪಕ್ಷದ ವಕೀಲನು! ಇದೆಲ್ಲವನ್ನೂ ಫೀಲ್ಡಿಂಗನೇ ಆಮೇಲೆ ಪುಸ್ತಿಕೆಯಲ್ಲಿ ನಿಸ್ಸಂಕೋಚವಾಗಿ ಬರೆದಿದ್ದಾನೆ. ಆತನು ದುಷ್ಟನಲ್ಲ, ರೋಗದಿಂದ ಬಳಲುತ್ತಲೇ ಬಡವರ ಪರವಾಗಿ ದುಡಿದವನು. ಮನುಷ್ಯಸ್ವಭಾವವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲವನೂ, ಊರೆಲ್ಲ ನಂಬಿದ್ದ ಕಥೆಯ ಮುಂದೆ ತನ್ನ ವಿವೇಕವನ್ನು ಬಿಟ್ಟುಕೊಟ್ಟನೆಂಬುದು ಆಲೋಚಿಸತಕ್ಕ ಸಂಗತಿ.

ಫೆಬ್ರವರಿ ೨೧ರಂದು ಓಲ್ಡ್ ಬೇಲಿ ನ್ಯಾಯಸ್ಥಾನದಲ್ಲಿ ವಿಚಾರಣೆಯಾಯಿತು. ಅಷ್ಟರೊಳಗೆ ಹುಡುಗಿಗಾಗಿ ಚಂದಾ ಎತ್ತುವುದೂ ನಡೆದಿದ್ದಿತು. ಅದಕ್ಕೆ ಹಣ ಕೊಟ್ಟವರು ತೀರ್ಪನ್ನೂ ಮನಸ್ಸಿನಲ್ಲಿ ಕೊಟ್ಟುಬಿಟ್ಟಿದ್ದರೆನ್ನಬೇಕು. ನ್ಯಾಯಸ್ಥಾನದ ಹೊರಗೆ ಜನರು ಕಿಕ್ಕಿರಿದು, ಆರೋಪಿಗಳ ಪರವಾಗಿ ಸಾಕ್ಷಿ ಹೇಳಬಂದವರನ್ನು ಬೆದರಿಸಿ ಅಟ್ಟಿದರು. ಆ ಅಟ್ಟದಲ್ಲಿ ಜನವರಿಯುದ್ದಕ್ಕೂ ತಾವೇ ಮಲಗುತ್ತಿದ್ದೆವೆಂದು ಹೇಳಬಲ್ಲ ದಂಪತಿಗಳಿದ್ದರು. ಅವರ ಸಾಕ್ಷ್ಯವು ಅಂದು ನ್ಯಾಯಾಧಿಪತಿಗಳ ಕಿವಿಗೆ ಬೀಳಲಿಲ್ಲ. ಡಾರ್ಸೆಟ್ಟಿನಿಂದ ಬಂದ ಮೂವರು ಮಾತ್ರ ಒಳಗೆ ಸೇರಿ, ಮುದುಕಿಯು ಆಗ ತಮ್ಮೂರಿನಲ್ಲಿದ್ದಳೆಂದರು. ಜ್ಯೂರಿಯು ಅವರನ್ನು ನಂಬಲಿಲ್ಲ. ಹತ್ತು ಷಿಲಿಂಗು ಬೆಲೆಯ ಕುಪ್ಪಸವನ್ನು ಅಪಹರಿಸಿದುದಕ್ಕಾಗಿ ಮೇರಿ ಸ್ಕ್ವೈರ್ಸಳಿಗೆ ಮರಣದಂಡನೆಯಾಯಿತು. ಸುಸಾನಾ ವೆಲ್ಸಳಿಗೆ ಹೆಬ್ಬೆರಳಿನ ಮೇಲೆ ಬರೆ, ಆರು ತಿಂಗಳ ಸೆರೆ.

ಮುದುಕಿಯು ಬದುಕಿ ಉಳಿದುದು ಒಬ್ಬನ ಹಠದಿಂದ. ಆ ವರ್ಷದ ಲಂಡನ್ನಿನ ಮೇಯರೂ ನ್ಯಾಯಾಧಿಪತಿಗಳಲ್ಲೊಬ್ಬನೂ ಆಗಿದ್ದ ಸರ್ ಕ್ರಿಸ್ಪ್ ಗ್ಯಾಸ್ಕಾಯ್ನನಿಗೆ ತೀರ್ಪು ಸಮಾಧಾನವನ್ನು ಕೊಡಲಿಲ್ಲ. ಆತನು ಆಬಟ್ಸ್‌ಬರಿಯ ಪಾದ್ರಿಗೆ ಕಾಗದ ಬರೆದು ವಿಚಾರಿಸಿದನು. ವರ್ಚೂ ಹಾಲಳನ್ನು ಕರೆಸಿ ಗದರದೆ ಕೇಳಿದನು. ತಾನು ಹೇಳಿದುದೆಲ್ಲ ಸುಳ್ಳೆಂದು ಆಕೆಯು ಒಪ್ಪಿಕೊಂಡಳು. ಎರಡನೆಯ ಜಾರ್ಜ್ ದೊರೆಯು ಮೊದಲು ಶಿಕ್ಷೆಯನ್ನು ತಡೆಹಿಡಿದು, ಅನಂತರ ಮೇ ತಿಂಗಳಲ್ಲಿ ಕ್ಷಮಾದಾನವನ್ನಿತ್ತನು. ನಿರಪರಾಧಿಯೆಂದು ತೋರಿದವಳಿಗೆ ಬಿಡುಗಡೆಯು ‘ಕ್ಷಮೆ’ಯೆಂಬ ಹೆಸರಿನಿಂದಲೇ ಬರಬೇಕಾಯಿತು.

ಈಗ ಪತ್ರಿಕೆಗಳಿಗೂ ಪುಸ್ತಿಕೆಗಳಿಗೂ ಸುಗ್ಗಿಯಾಯಿತು. ಫೀಲ್ಡಿಂಗನು ಕ್ಯಾನಿಂಗಳ ಪರವಾಗಿ ಬರೆದನು. ಪತ್ರಿಕೆಗಳಲ್ಲಿ ಆತನೊಡನೆ ಹಳೆಯ ಜಗಳವಿದ್ದ ಜಾನ್ ಹಿಲ್ ಎಂಬವನು ಖಂಡಿಸಿದನು. ಚಿತ್ರಕಾರನಾದ ಆಲನ್ ರ‍್ಯಾಮ್ಸೆಯೂ ಸೇರಿದನು. ಊರೆಲ್ಲ ಕ್ಯಾನಿಂಗಳ ಪಕ್ಷ, ಜಿಪ್ಸಿಯ ಪಕ್ಷ ಎಂದು ಎರಡಾಯಿತು. ಗ್ಯಾಸ್ಕಾಯ್ನನ ಗಾಡಿಯ ಮೇಲೆ ಜನರು ಬಿದ್ದರು. ಆತನು ಮರುವರ್ಷ ಪಾರ್ಲಿಮೆಂಟಿನ ಚುನಾವಣೆಯಲ್ಲಿ ನಿಂತು ಸೋತನು.

೧೭೫೪ರ ಎಪ್ರಿಲ್ ೨೯ರಂದು ಕ್ಯಾನಿಂಗಳೇ ಸುಳ್ಳುಸಾಕ್ಷ್ಯದ ಆರೋಪದ ಮೇಲೆ ಕಟಕಟೆಯಲ್ಲಿ ನಿಂತಳು. ವಿಚಾರಣೆಯು ಹಲವು ದಿನ ನಡೆಯಿತು. ಮುದುಕಿಯನ್ನು ಡಾರ್ಸೆಟ್ಟಿನ ದಾರಿಯಲ್ಲಿ ಕಂಡೆವೆಂದು ಪ್ರಮಾಣಮಾಡಿದವರು ಒಂದು ಕಡೆ; ಅದೇ ದಿನಗಳಲ್ಲಿ ಎನ್‌ಫೀಲ್ಡಿನಲ್ಲಿ ಕಂಡೆವೆಂದು ಪ್ರಮಾಣಮಾಡಿದವರು ಇನ್ನೊಂದು ಕಡೆ; ಎರಡು ಪಕ್ಷದಲ್ಲಿಯೂ ಇಪ್ಪತ್ತಕ್ಕೆ ಮೀರಿದ ಜನ. ಇದರ ಮೇಲೆ ಪಂಚಾಂಗದ ತೊಡಕು ಬೇರೆ: ೧೭೫೨ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನವರು ಹನ್ನೊಂದು ದಿನಗಳನ್ನು ಬಿಟ್ಟು ಹೊಸ ಗಣನೆಗೆ ಬಂದಿದ್ದರು, ಹಳ್ಳಿಯವರು ಇನ್ನೂ ಹಳೆಯ ಕ್ರಿಸ್ಮಸ್ಸಿನಿಂದಲೇ ದಿನವನ್ನೆಣಿಸುತ್ತಿದ್ದರು. ಇವರೆಲ್ಲರೂ ಸುಳ್ಳರೆನ್ನುವುದು ಕಷ್ಟ. ಒಂದು ವರ್ಷಕ್ಕೂ ಹೆಚ್ಚುಕಾಲ ಆ ವಿಲಕ್ಷಣ ಮುಖದ ವರ್ಣನೆಯನ್ನು ಓದಿ ಕೇಳಿದಮೇಲೆ, ಎಂದೋ ದಾರಿಯಲ್ಲಿ ಕಂಡ ಯಾವುದೋ ಮುದುಕಿಯು ಅವಳೇ ಎಂದು ತೋರುವುದು ಆಶ್ಚರ್ಯವಲ್ಲ. ಮುದ್ರಣವು ಹೊಸದಾಗಿ ತಂದ ಕೇಡು ಇದೇ. ಹೆಸರಾದವನ ಮಾನವನ್ನು ಕಳೆಯುವುದು ಹಳೆಯ ಕೇಡು. ಗಾಳಿಮಾತೂ ಅದನ್ನು ಮಾಡುತ್ತಿದ್ದಿತು. ಅಚ್ಚಾದ ಹೆಸರು ಸಾಕ್ಷಿಗಳ ಸ್ಮೃತಿಯನ್ನೇ ತಿದ್ದಿಬರೆಯುತ್ತದೆ. ಆಮೇಲೆ ನಿಜವನ್ನು ಹುಡುಕುವವನಿಗೆ ಕೆರೆಯೆಲ್ಲ ಕಲಕಿಹೋಗಿರುತ್ತದೆ. ಇದರಿಂದ ಆರೋಪಿಯಂತೆಯೇ ಕಾಣೆಯಾದವಳೂ ಕೆಟ್ಟಳು.

ಜ್ಯೂರಿಯವರಿಗೂ ಮನಸ್ಸು ನಿಲ್ಲಲಿಲ್ಲ. ಸುಳ್ಳು ಹೇಳಿದ್ದಾಳೆ, ಆದರೆ ಬೇಕೆಂದು ಹೇಳಿದುದಲ್ಲ ಎಂಬರ್ಥದ ತೀರ್ಪನ್ನು ಮೊದಲು ತಂದರು. ಅದು ಸಲ್ಲದೆಂದು ಹಿಂದಕ್ಕೆ ಕಳುಹಿಸಿದಮೇಲೆ ಅಪರಾಧಿಯೆಂದರು. ಒಂದು ತಿಂಗಳ ಸೆರೆ, ಏಳು ವರ್ಷಗಳ ದೇಶಾಂತರ ಶಿಕ್ಷೆಯಾಯಿತು. ಆಕೆಯು ಅಮೆರಿಕದ ಕನೆಕ್ಟಿಕಟ್ಟಿನಲ್ಲಿರುವ ವೆದರ್ಸ್‌ಫೀಲ್ಡಿಗೆ ಹೋಗಿ ಅಲ್ಲಿಯೇ ಮದುವೆಯಾಗಿ, ಮಕ್ಕಳೊಂದಿಗನಾಗಿ ಬಾಳಿ ೧೭೭೩ರಲ್ಲಿ ತೀರಿಕೊಂಡಳು. ಮೊದಲು ಹೇಳಿದ ಕಥೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಫ್ರಾನ್ಸಿನ ವೋಲ್ಟೇರನು ೧೭೬೨ರಲ್ಲಿ ಈ ವೃತ್ತಾಂತವನ್ನು ಬರೆದು ರ‍್ಯಾಮ್ಸೆಯ ಎಚ್ಚರವನ್ನು ಕೊಂಡಾಡಿದನು. ಆ ಜನವರಿಯ ೨೮ ದಿನಗಳಲ್ಲಿ ಎಲಿಜಬೆತ್ ಕ್ಯಾನಿಂಗಳು ಎಲ್ಲಿದ್ದಳೆಂಬುದು ಇಂದಿಗೂ ನಿರ್ಣಯವಾಗಿಲ್ಲ.

ನಾರದಸ್ಮೃತಿಯ ವಾಕ್ಪಾರುಷ್ಯಪ್ರಕರಣದಲ್ಲಿ, ಕಳ್ಳನನ್ನು ಕಳ್ಳನೆಂದು ಕರೆದವನಿಗೂ ಸಮದೋಷವೆಂದೂ, ಅದು ಸುಳ್ಳಾದರೆ ಇಮ್ಮಡಿ ದೋಷವೆಂದೂ ಇದೆ. ಪತ್ರಿಕೆಯನ್ನು ಬಲ್ಲ ಕಾಲಕ್ಕೆ ಇಷ್ಟು ಕಟ್ಟಳೆಯು ನಡೆಯದು. ಕಳ್ಳನನ್ನು ಕಳ್ಳನೆನ್ನಲು ಯಾರಿಗೂ ಧೈರ್ಯವಿಲ್ಲದಿದ್ದರೆ ಅಧಿಕಾರಿಗಳಿಗೇ ಅನುಕೂಲ. ಯಾವಾಗಿನಿಂದ ನಾಲಿಗೆಯನ್ನು ಹಿಡಿಯಬೇಕೆಂಬುದಷ್ಟೇ ಪ್ರಶ್ನೆ. ಬ್ರಿಟನ್ನಿನ ೧೯೮೧ರ ನ್ಯಾಯಾಲಯನಿಂದನೆಯ ಶಾಸನವು ದಸ್ತಗಿರಿಯಾದ ಕ್ಷಣದಿಂದಲೇ ಪತ್ರಿಕೆಗೆ ಅಂಕೆಯನ್ನಿಟ್ಟಿತು. ಭಾರತದ ೧೯೭೧ರ ಶಾಸನವು ಕ್ರಿಮಿನಲ್ ಪ್ರಕರಣವನ್ನು ವಿಚಾರಣೆಯಲ್ಲಿದೆಯೆಂದು ಎಣಿಸುವುದು ದೋಷಾರೋಪಪಟ್ಟಿ ಸಲ್ಲಿಸಿದಂದಿನಿಂದ, ಇಲ್ಲವೆ ನ್ಯಾಯಾಲಯವು ಸಮನ್ಸನ್ನೋ ವಾರಂಟನ್ನೋ ಹೊರಡಿಸಿದಂದಿನಿಂದ. ಹೆಸರು ಹೆಚ್ಚಾಗಿ ಕೆಡುವುದು ಅದಕ್ಕೆ ಹಿಂದಿನ ದಿನಗಳಲ್ಲಿ. ಈ ಎಡೆಯನ್ನು ಮುಚ್ಚಿ, ದಸ್ತಗಿರಿಯಿಂದಲೇ ಎಣಿಸಬೇಕೆಂದು ಕಾನೂನು ಆಯೋಗವು ೨೦೦೬ರ ತನ್ನ ೨೦೦ನೆಯ ವರದಿಯಲ್ಲಿ ಸಲಹೆಯಿತ್ತಿತು.

ಶಾಸನವಿದ್ದರೂ ಸಾಲದೆಂಬುದಕ್ಕೆ ಬ್ರಿಟನ್ನೇ ಸಾಕ್ಷಿ. ೨೦೧೦ರ ಡಿಸೆಂಬರಿನಲ್ಲಿ ಬ್ರಿಸ್ಟಲ್ ನಗರದ ಯುವತಿಯೊಬ್ಬಳು ಕಾಣೆಯಾಗಿ, ಕ್ರಿಸ್ಮಸ್ಸಿನ ದಿನ ಶವವಾಗಿ ಸಿಕ್ಕಿದಳು. ಆಕೆಯು ಬಾಡಿಗೆಗಿದ್ದ ಮನೆಯ ಒಡೆಯನು ನಿವೃತ್ತನಾದ ಉಪಾಧ್ಯಾಯನು, ಒಂಟಿಗನು. ಪೊಲೀಸರು ಆತನನ್ನು ದಸ್ತಗಿರಿಮಾಡಿ ಎರಡು ದಿನಗಳಮೇಲೆ ಜಾಮೀನಿನ ಮೇಲೆ ಬಿಟ್ಟರು. ಆತನ ಮೇಲೆ ಆರೋಪವನ್ನು ಎಂದೂ ಹೊರಿಸಲೇ ಇಲ್ಲ. ಆ ಎರಡು ದಿನಗಳಲ್ಲಿ ಪತ್ರಿಕೆಗಳು ಆತನ ಹೆಸರು, ಭಾವಚಿತ್ರ, ಪಾಠಹೇಳುತ್ತಿದ್ದ ರೀತಿ, ಓದುತ್ತಿದ್ದ ಕವಿಗಳು, ಕಡೆಗೆ ತಲೆಗೂದಲಿನ ಬಣ್ಣವನ್ನೂ ದೋಷದ ಗುರುತಾಗಿ ವರ್ಣಿಸಿದುವು. ಮೇರಿ ಸ್ಕ್ವೈರ್ಸಳ ತುಟಿಯಿಂದ ಇನ್ನೂರೈವತ್ತು ವರ್ಷಗಳಲ್ಲಿ ಹೆಚ್ಚು ದೂರ ಬಂದಂತಾಗಲಿಲ್ಲ. ಕೊಂದವನು ನೆರೆಮನೆಯವನೆಂದು ಆಮೇಲೆ ಹೊರಬಿದ್ದಿತು. ೨೦೧೧ರ ಜುಲೈಯಲ್ಲಿ ಎಂಟು ಪತ್ರಿಕೆಗಳು ಉಪಾಧ್ಯಾಯನ ಕ್ಷಮೆ ಕೇಳಿ ಮಾನನಷ್ಟದ ಹಣವನ್ನು ತೆತ್ತುವು. ಅವುಗಳಲ್ಲಿ ಎರಡಕ್ಕೆ ನ್ಯಾಯಾಲಯನಿಂದನೆಗಾಗಿ ೫೦,೦೦೦ ಮತ್ತು ೧೮,೦೦೦ ಪೌಂಡುಗಳ ದಂಡವಾಯಿತು. ಅಷ್ಟರಲ್ಲಿ ಆತನು ಸ್ವಂತ ಮನೆಯನ್ನು ಬಿಟ್ಟು ಗೆಳೆಯರ ಮನೆಗಳಲ್ಲಿ ತಂಗಿ, ಯಾರೂ ಗುರುತಿಸದಂತೆ ಆ ಕೂದಲನ್ನು ಕತ್ತರಿಸಿಕೊಂಡಿದ್ದನು.

ದಸ್ತಗಿರಿಗೂ ಹಿಂದಿನ ತನಿಖೆಯ ಕಾಲದ ವಿಷಯವು ೨೦೨೨ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಆರೋಪಪಟ್ಟಿಯಾಗುವವರೆಗೆ, ತನಿಖೆಗೊಳಗಾದವನು ಆ ಸಂಗತಿಯು ಗೋಪ್ಯವಾಗಿರಬೇಕೆಂದು ನಿರೀಕ್ಷಿಸುವುದು ಸಾಮಾನ್ಯವಾಗಿ ನ್ಯಾಯವೆಂದು ತೀರ್ಪಾಯಿತು. ಅದನ್ನು ಪಡೆದವನು ಜಿಪ್ಸಿಯೂ ಅಲ್ಲ, ಉಪಾಧ್ಯಾಯನೂ ಅಲ್ಲ; ದೊಡ್ಡ ಕಂಪನಿಯ ಅಧಿಕಾರಿ. ಮೂರು ನ್ಯಾಯಾಲಯಗಳವರೆಗೆ ವ್ಯಾಜ್ಯವನ್ನು ನಡೆಸುವ ಶಕ್ತಿಯು ಆತನಿಗಿದ್ದಿತು. ತೀರ್ಪಿನ ಪುಟಗಳಲ್ಲಿ ಆತನ ಹೆಸರಿಲ್ಲ. ಅದರ ಸ್ಥಾನದಲ್ಲಿ ಇಂಗ್ಲಿಷ್ ವರ್ಣಮಾಲೆಯ ಮೂರು ಅಕ್ಷರಗಳಿವೆ.